ಇಡಿಯ ಈರುಳ್ಳಿಯಲ್ಲಿ ಉರಿ ಎಲ್ಲಿರುತ್ತದೆ?

ಪ್ರಶ್ನೆ: ಈರುಳ್ಳಿಯನ್ನು ಬುಟ್ಟಿಗಟ್ಟಲೆ ಪಕ್ಕದಲ್ಲಿಟ್ಟುಕೊಂಡು ಕುಳಿತರೂ ಕಣ್ಣು ಉರಿಯುವುದಿಲ್ಲ, ಒಂದನ್ನು ಹೆಚ್ಚಿದರೆ ಸಾಕು, ನೀರು ಸುರಿಯುತ್ತದೆ. ಬೆಳ್ಳುಳ್ಳಿಯ ವಾಸನೆ ಅದನ್ನು ಜಜ್ಜಿದ ಮೇಲೆಯೇ ಮನೆಯೆಲ್ಲ ಹರಡುತ್ತದೆ. ಒಣ ಸಾಸಿವೆಯನ್ನು ಮೂಸಿದರೆ ಏನೂ ಇಲ್ಲ, ನೀರು ಹಾಕಿ ಅರೆದರೆ ಘಾಟು ಮೂಗಿಗೇರುತ್ತದೆ. ಹೆಚ್ಚಿಟ್ಟ ಸೇಬು ಸ್ವಲ್ಪ ಹೊತ್ತಿಗೇ ಕಂದು ಬಣ್ಣಕ್ಕೆ ತಿರುಗುತ್ತದೆ. ಇವೆಲ್ಲಕ್ಕೂ ಕಾರಣ ಒಂದೆಯೇ? ಹಾಗಿದ್ದರೆ ಮೆಣಸಿನಕಾಯಿಯ ಖಾರವೂ ಇದೇ ಬಗೆಯದೆ?

ಉತ್ತರ: ನೀವು ಕೇಳಿರುವ ಮೊದಲ ನಾಲ್ಕಕ್ಕೂ ಮೂಲದಲ್ಲಿ ಕಾರಣ ಒಂದೇ. ಮೆಣಸಿನಕಾಯಿಯ ದಾರಿ ಮಾತ್ರ ಬೇರೆ. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಈರುಳ್ಳಿಯ ಉರಿ ಅದರೊಳಗೆ ಎಲ್ಲೋ ಅಡಗಿ ಕುಳಿತಿದ್ದು, ಚಾಕು ತಗುಲಿದೊಡನೆ ಹೊರಗೆ ಬರುತ್ತದೆ ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಇದು ಸರಿಯಲ್ಲ. ಇಡಿಯ ಈರುಳ್ಳಿಯಲ್ಲಿ ಕಣ್ಣುರಿಸುವ ಆ ಪದಾರ್ಥ ಇರುವುದೇ ಇಲ್ಲ. ಅದನ್ನು ತಯಾರಿಸಲು ಬೇಕಾದ ಸಾಮಗ್ರಿ ಒಂದು ಕಡೆ ಇರುತ್ತದೆ, ಆ ಸಾಮಗ್ರಿಯನ್ನು ಒಡೆದು ಹೊಸ ಪದಾರ್ಥವಾಗಿಸುವ ಕಿಣ್ವ ಇನ್ನೊಂದು ಕಡೆ ಇರುತ್ತದೆ, ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆಯಿರುತ್ತದೆ. ಎರಡು ಟ್ಯೂಬುಗಳಲ್ಲಿ ಮಾರುವ ಗಟ್ಟಿ ಅಂಟನ್ನು ನೀವು ನೋಡಿರಬಹುದು. ಬೇರೆ ಬೇರೆಯಾಗಿ ಇಟ್ಟಷ್ಟು ಕಾಲ ಎರಡೂ ಸುಮ್ಮನಿರುತ್ತವೆ, ಕಲಸಿದ ಕೆಲವೇ ನಿಮಿಷಗಳಲ್ಲಿ ಕಲ್ಲಾಗುತ್ತವೆ. ಈರುಳ್ಳಿಯ ಒಳಗಿನ ವ್ಯವಸ್ಥೆಯೂ ಹೆಚ್ಚು ಕಡಿಮೆ ಇದೇ. ಕಲಸುವ ಕೆಲಸವನ್ನು ಚಾಕು ಮಾಡುತ್ತದೆ.

ಸಸ್ಯವು ಉರಿಯ ಪದಾರ್ಥವನ್ನು ಮೊದಲೇ ತಯಾರಿಸಿ ಏಕೆ ಇಟ್ಟುಕೊಳ್ಳುವುದಿಲ್ಲ? ತಿನ್ನಲು ಬಂದ ಹುಳುವಿಗೆ ಕೆಡುಕಾಗುವ ವಸ್ತು ಸಸ್ಯದ ಸ್ವಂತ ಜೀವಕೋಶಗಳಿಗೂ ಕೆಡುಕಾಗಬಹುದು ಎಂಬುದು ಮುಖ್ಯ ಕಾರಣ. ಇಂಥ ಪದಾರ್ಥಗಳು ಬೇಗನೆ ಆವಿಯಾಗುತ್ತವೆ ಅಥವಾ ಕೆಡುತ್ತವೆ, ಆದ್ದರಿಂದ ಕೂಡಿಡಲು ಯೋಗ್ಯವೂ ಅಲ್ಲ. ಓಡಲಾಗದ, ಕೂಗಲಾಗದ ಜೀವಿಯೊಂದು ಹಲ್ಲು ತಾಗಿದ ಜಾಗದಲ್ಲಿ, ಹಲ್ಲು ತಾಗಿದ ಕ್ಷಣದಲ್ಲಿ ಮಾತ್ರ ಕೆಲಸ ಮಾಡುವ ರಕ್ಷಣೆಯನ್ನು ಕಟ್ಟಿಕೊಂಡಿರುವುದು ಸಸ್ಯಲೋಕದ ಅತ್ಯಂತ ಜಾಣ ಏರ್ಪಾಡುಗಳಲ್ಲಿ ಒಂದು ಎಂದು ನನಗೆ ಅನ್ನಿಸುತ್ತದೆ.

ಇನ್ನು ಈರುಳ್ಳಿಯ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಈರುಳ್ಳಿ ಗಿಡ ಮಣ್ಣಿನಿಂದ ಗಂಧಕವನ್ನು ಹೀರಿಕೊಂಡು, ಅದನ್ನು ವಾಸನೆಯಿಲ್ಲದ ಕೆಲವು ಅಮೈನೊ ಆಮ್ಲಗಳ ರೂಪದಲ್ಲಿ ಜೀವಕೋಶದ ಕೋಶದ್ರವ್ಯದಲ್ಲಿ ಸಂಗ್ರಹಿಸುತ್ತದೆ. ಅದೇ ಜೀವಕೋಶದ ನಡುವೆ ನೀರು ತುಂಬಿದ ಚೀಲದಂತಿರುವ ರಸದಾನಿಯೊಳಗೆ ಅಲಿನೇಸ್ ಎಂಬ ಕಿಣ್ವವಿರುತ್ತದೆ. ಚಾಕು ಹಾಯ್ದಾಗ ರಸದಾನಿ ಒಡೆದು ಅಲಿನೇಸ್ ಹೊರಗೆ ಚೆಲ್ಲುತ್ತದೆ, ಆ ಅಮೈನೊ ಆಮ್ಲಗಳನ್ನು ಕ್ಷಣಾರ್ಧದಲ್ಲಿ ತುಂಡರಿಸುತ್ತದೆ, ಅಲ್ಪಕಾಲ ಮಾತ್ರ ಬಾಳುವ ಸಲ್ಫೆನಿಕ್ ಆಮ್ಲ ಹುಟ್ಟುತ್ತದೆ. ಈ ಆಮ್ಲ ತಾನಾಗಿಯೇ ಕಣ್ಣೀರು ತರಿಸುವ ಅನಿಲವಾಗಿ ಬದಲಾಗುತ್ತದೆ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಜಪಾನಿನ ಹೌಸ್ ಫುಡ್ಸ್ ಎಂಬ ಆಹಾರ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಲೇಖನ ಈ ನಂಬಿಕೆಯನ್ನು ಅಲ್ಲಗಳೆಯಿತು. ಈರುಳ್ಳಿಯ ಸಾಮಗ್ರಿಗೆ ಬೆಳ್ಳುಳ್ಳಿಯಿಂದ ತೆಗೆದ ಅಲಿನೇಸ್ ಸೇರಿಸಿದಾಗ ಕಣ್ಣುರಿಸುವ ಅನಿಲ ಹುಟ್ಟಲಿಲ್ಲ. ಹಾಗಿದ್ದಲ್ಲಿ ಈರುಳ್ಳಿಯಲ್ಲಿ ಇನ್ನೊಂದು ಕಿಣ್ವ ಇರಲೇಬೇಕು ಎಂದು ಅವರು ತರ್ಕಿಸಿದರು, ಹುಡುಕಿದರು, ಕಂಡುಹಿಡಿದರು. ಅಲಿನೇಸ್ ತಯಾರಿಸಿದ ಆಮ್ಲವನ್ನು ಹಿಡಿದು ಕಣ್ಣುರಿಸುವ ಅನಿಲವಾಗಿ ಮಾರ್ಪಡಿಸುವುದೇ ಈ ಎರಡನೆಯ ಕಿಣ್ವದ ಕೆಲಸ. ಈ ಶೋಧಕ್ಕೆ 2013ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂದಿತು. ನಗುವಿಗಿಂತ ಯೋಚನೆಯ ಪಾಲೇ ಇದರಲ್ಲಿ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ, ಕಣ್ಣುರಿಸುವ ಹೊಣೆ ಒಂದು ಕಿಣ್ವದ್ದು, ರುಚಿಯ ಹೊಣೆ ಇನ್ನೊಂದರದ್ದು ಎಂದಾದರೆ ಕಣ್ಣುರಿಸುವುದನ್ನು ಮಾತ್ರ ನಿಲ್ಲಿಸಿ ರುಚಿಯದನ್ನು ಉಳಿಸಿಕೊಳ್ಳಬಹುದು. ನ್ಯೂಜಿಲೆಂಡಿನ ವಿಜ್ಞಾನಿಗಳು 2008ರಲ್ಲಿ ಎರಡನೆಯ ಕಿಣ್ವದ ಜೀನನ್ನು ಮೌನಗೊಳಿಸಿ ಇಂಥ ಈರುಳ್ಳಿಯನ್ನು ಬೆಳೆಸಿ ತೋರಿಸಿದರು. ಅನಿಲವಾಗಬೇಕಿದ್ದ ಪಾಲು ಅದರಲ್ಲಿ ರುಚಿಯ ಸಂಯುಕ್ತಗಳ ಕಡೆಗೆ ಹರಿಯಿತು. ಜಪಾನಿನ ಅದೇ ಸಂಸ್ಥೆ 2015ರಲ್ಲಿ ಬೇರೆ ದಾರಿ ಹಿಡಿಯಿತು: ವಿಕಿರಣಕ್ಕೆ ಒಡ್ಡಿದ ಬೀಜಗಳಿಂದ ಬೆಳೆದ ಗಿಡಗಳಲ್ಲಿ ಅಲಿನೇಸ್ ಬಹಳ ಕಡಿಮೆ ಇದ್ದವುಗಳನ್ನು ಆರಿಸಿತು. ಆ ಈರುಳ್ಳಿಯಲ್ಲಿ ಕಣ್ಣುರಿ ಇಲ್ಲ, ಆದರೆ ಮೊದಲ ಮೆಟ್ಟಿಲೇ ಇಲ್ಲದ ಕಾರಣ ಈರುಳ್ಳಿಯ ಖಾರವೂ ಹೆಚ್ಚೇನಿಲ್ಲ. ಗಂಧಕ ಕಡಿಮೆಯಿರುವ ಮಣ್ಣಿನಲ್ಲಿ ಬೆಳೆದ ಈರುಳ್ಳಿಯೂ ಸಪ್ಪೆ ಅನ್ನಿಸುವಷ್ಟು ಸಿಹಿಯಾಗಿರುವುದು ಇದರ ಇನ್ನೊಂದು ಮುಖ. ಅಲ್ಲಿ ಕಿಣ್ವವಿದ್ದರೂ ಅದಕ್ಕೆ ಬೇಕಾದ ಸಾಮಗ್ರಿಯ ಕೊರತೆಯಿರುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ವಿಡೇಲಿಯಾ ಈರುಳ್ಳಿಯ ಹೆಸರುವಾಸಿಗೆ ಅಲ್ಲಿನ ಮಣ್ಣಿನ ಈ ಬಡತನವೇ ಕಾರಣ.

ಹುಟ್ಟಿದ ಅನಿಲ ಮೇಲೇರಿ ಕಣ್ಣಿನ ಪಾರದರ್ಶಕ ಪಟಲವನ್ನು ತಲುಪಿದಾಗ ಅಲ್ಲಿನ ನರತುದಿಗಳು ಅಪಾಯದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ, ಕಣ್ಣನ್ನು ತೊಳೆಯುವಂತೆ ಕಣ್ಣೀರಿನ ಗ್ರಂಥಿಗಳಿಗೆ ಆಜ್ಞೆ ಹೋಗುತ್ತದೆ. ಕಣ್ಣಿಗೆ ಗಾಯವೇನೂ ಆಗುವುದಿಲ್ಲ. ಮೊಂಡು ಚಾಕು ಜೀವಕೋಶಗಳನ್ನು ಕತ್ತರಿಸುವ ಬದಲು ಜಜ್ಜುತ್ತದೆ, ಪದರವನ್ನು ಒತ್ತಿ ರಸವನ್ನು ಸಣ್ಣ ಹನಿಗಳಾಗಿ ಮೇಲಕ್ಕೆ ಚಿಮ್ಮಿಸುತ್ತದೆ. ಹರಿತವಾದ ಚಾಕುವಿನಿಂದ ನಿಧಾನವಾಗಿ ಹೆಚ್ಚಿದರೆ ಎರಡೂ ತೊಂದರೆ ಕಡಿಮೆ. ನೆತ್ತಿಯ ಮೇಲೆ ಈರುಳ್ಳಿಯ ಸಿಪ್ಪೆ ಇಟ್ಟುಕೊಳ್ಳುವುದು, ಬಾಯಲ್ಲಿ ಬ್ರೆಡ್ಡಿನ ತುಂಡು ಕಚ್ಚಿಕೊಳ್ಳುವುದು ಮೊದಲಾದ ಉಪಾಯಗಳಿಗೂ ಈ ರಸಾಯನಕ್ಕೂ ಯಾವ ಸಂಬಂಧವೂ ಇಲ್ಲ.

ಬೆಳ್ಳುಳ್ಳಿಯ ಕತೆ ಈರುಳ್ಳಿಯದಕ್ಕೆ ಬಹಳ ಹತ್ತಿರದ್ದು. ಇಲ್ಲಿ ಸಾಮಗ್ರಿಯ ಹೆಸರು ಅಲಿನ್, ಕಿಣ್ವ ಅದೇ ಅಲಿನೇಸ್ ಬಳಗದ್ದು, ಹುಟ್ಟುವ ಪದಾರ್ಥ ಅಲಿಸಿನ್. ಕಣ್ಣುರಿಸುವ ಎರಡನೆಯ ಕಿಣ್ವ ಬೆಳ್ಳುಳ್ಳಿಯಲ್ಲಿ ಇಲ್ಲ, ಆದ್ದರಿಂದಲೇ ಎಷ್ಟು ಜಜ್ಜಿದರೂ ಕಣ್ಣೀರು ಬರುವುದಿಲ್ಲ. ಅಲಿಸಿನ್ ಅನ್ನು ಅಮೆರಿಕದ ಚೆಸ್ಟರ್ ಕ್ಯಾವಲಿಟೊ ಮತ್ತು ಜಾನ್ ಬೈಲಿ 1944ರಲ್ಲಿ ಬೇರ್ಪಡಿಸಿದರು. ಇಡಿಯ ಎಸಳಿನಲ್ಲಿ ಅದಿಲ್ಲ, ಅಲ್ಲಿರುವುದು ವಾಸನೆಯಿಲ್ಲದ ಅಲಿನ್ ಎಂಬುದನ್ನು ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟೋಲ್ ಮತ್ತು ಎವಾಲ್ಡ್ ಸೀಬೆಕ್ ಅದೇ ದಶಕದ ಕೊನೆಯ ಹೊತ್ತಿಗೆ ತೋರಿಸಿಕೊಟ್ಟರು.

ಅಡುಗೆ ಮಾಡುವವರಿಗೆ ಇದರಿಂದ ಬಹಳ ಉಪಯುಕ್ತವಾದ ಒಂದು ತಿಳಿವಳಿಕೆ ದೊರೆಯುತ್ತದೆ. ಕಿಣ್ವವೆಂದರೆ ಪ್ರೋಟೀನು, ಬೇಯಿಸಿದ ಮೊಟ್ಟೆಯಂತೆ ಅದೂ ಬಿಸಿಗೆ ರೂಪಗೆಟ್ಟು ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಮೊದಲು ಜಜ್ಜಿದಿರೋ ಮೊದಲು ಬಿಸಿ ಮಾಡಿದಿರೋ ಎಂಬುದರ ಮೇಲೆ ರುಚಿ ನಿಂತಿರುತ್ತದೆ. ಸಿಪ್ಪೆ ಸಹಿತ ಇಡಿಯಾಗಿ ಸುಟ್ಟ ಅಥವಾ ಬೇಯಿಸಿದ ಬೆಳ್ಳುಳ್ಳಿಯಲ್ಲಿ ಪೊರೆ ಒಡೆಯುವ ಮೊದಲೇ ಕಿಣ್ವ ಸತ್ತಿರುತ್ತದೆ, ಎಸಳು ಬೆಣ್ಣೆಯಂತೆ ಮೃದುವಾಗಿ ಸಿಹಿಯಾಗುತ್ತದೆ. ಜಜ್ಜಿ, ಕೆಲವು ನಿಮಿಷ ಹಾಗೆಯೇ ಬಿಟ್ಟು, ಆಮೇಲೆ ಒಲೆಯ ಮೇಲೆ ಹಾಕಿದರೆ ಕಿಣ್ವ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ, ವಾಸನೆ ಗಟ್ಟಿಯಾಗಿ ಉಳಿಯುತ್ತದೆ. ಪದಾರ್ಥ ಅದೇ, ಪ್ರಮಾಣ ಅದೇ. ಕ್ರಮ ಬದಲಾದರೆ ಫಲಿತಾಂಶ ಗುರುತು ಸಿಗದಷ್ಟು ಬೇರೆ. ಬೆಳ್ಳುಳ್ಳಿ ತಿಂದವರ ಬಾಯಿ ಹಲ್ಲುಜ್ಜಿದ ಮೇಲೂ ವಾಸನೆ ಬರುವುದಕ್ಕೆ ಕಾರಣ ಬಾಯಲ್ಲಿ ಉಳಿದ ಚೂರುಗಳಷ್ಟೇ ಅಲ್ಲ. ಗಂಧಕದ ಒಂದು ಸಂಯುಕ್ತ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಉಸಿರಿನೊಡನೆ ಹೊರಬರುತ್ತಿರುತ್ತದೆ, ಅಲ್ಲಿಗೆ ಹಲ್ಲುಜ್ಜುವ ಬ್ರಶ್ಶು ತಲುಪುವುದಿಲ್ಲ.

ಸಾಸಿವೆಯಲ್ಲಿ ಗಂಧಕದ ಪಾತ್ರ ಇದೆಯಾದರೂ ರಾಸಾಯನಿಕಗಳು ಬೇರೆ. ಕಪ್ಪು ಮತ್ತು ಕಂದು ಸಾಸಿವೆಯಲ್ಲಿ ಸಿನಿಗ್ರಿನ್ ಎಂಬ ಪದಾರ್ಥವಿದೆ. ಇದು ಗ್ಲುಕೋಸಿನೊಲೇಟುಗಳ ಕುಟುಂಬಕ್ಕೆ ಸೇರಿದ್ದು, ಹೆಸರೇ ಹೇಳುವಂತೆ ಇದರ ಅಣುವಿಗೆ ಗ್ಲುಕೋಸ್ ಅಂಟಿಕೊಂಡಿರುತ್ತದೆ. ಇದನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವ ಬೇರೆಯೇ ಜೀವಕೋಶಗಳಲ್ಲಿ ಇರುತ್ತದೆ. ಒಣ ಸಾಸಿವೆಯನ್ನು ಪುಡಿ ಮಾಡಿದರೂ ಘಾಟು ಏಳದಿರುವುದಕ್ಕೆ ಕಾರಣ, ಈ ಕ್ರಿಯೆಗೆ ನೀರು ಬೇಕು. ನೀರು ಇಲ್ಲಿ ಎರಡನ್ನೂ ಕರಗಿಸಿ ಹತ್ತಿರ ತರುವ ಮಧ್ಯವರ್ತಿ ಮಾತ್ರವಲ್ಲ, ಸ್ವತಃ ಕ್ರಿಯೆಯಲ್ಲಿ ಭಾಗವಹಿಸುತ್ತದೆ: ನೀರಿನ ಅಣುವನ್ನು ಬಳಸಿಕೊಂಡೇ ಕಿಣ್ವವು ಗ್ಲುಕೋಸನ್ನು ಕಳಚುತ್ತದೆ. ಉಳಿದ ಭಾಗ ಅಲೈಲ್ ಐಸೊಥಯೊಸಯನೇಟ್ ಎಂಬ ಆವಿಶೀಲ ಎಣ್ಣೆಯಾಗುತ್ತದೆ. ನೆತ್ತಿಗೆ ಹೊಡೆದಂತಾಗಿಸುವ ಘಾಟು ಇದೇ. ಬಿಳಿ ಸಾಸಿವೆಯಲ್ಲಿರುವ ಸಾಮಗ್ರಿ ಸ್ವಲ್ಪ ಬೇರೆ, ಅದರಿಂದ ಹುಟ್ಟುವ ಪದಾರ್ಥ ಸುಲಭವಾಗಿ ಆವಿಯಾಗುವುದಿಲ್ಲ. ಹೀಗಾಗಿ ಬಿಳಿ ಸಾಸಿವೆ ನಾಲಿಗೆಯನ್ನು ಚುರುಗುಟ್ಟಿಸುತ್ತದೆಯೇ ಹೊರತು ಮೂಗಿಗೆ ಏರುವುದಿಲ್ಲ.

ಸಾಸಿವೆಯನ್ನು ತಣ್ಣೀರಿನಲ್ಲಿ ಅರೆದು ಸ್ವಲ್ಪ ಹೊತ್ತು ಬಿಟ್ಟರೆ ಘಾಟು ಹೆಚ್ಚು. ಕುದಿಯುವ ನೀರು ಹಾಕಿದರೆ ಕಿಣ್ವ ಸತ್ತು ಕಹಿ ಮಾತ್ರ ಉಳಿಯುತ್ತದೆ. ಮೊದಲೇ ಹುಳಿ ಸೇರಿಸಿದರೂ ಕಿಣ್ವದ ವೇಗ ಕುಗ್ಗುತ್ತದೆ. ಕಾದ ಎಣ್ಣೆಗೆ ಹಾಕಿ ಸಿಡಿಸಿದ ಸಾಸಿವೆಯಲ್ಲಿ ಘಾಟಿನ ಸುಳಿವೂ ಇಲ್ಲದೆ ಹುರಿದ ಕಾಳಿನ ಪರಿಮಳ ಬರುವುದು ಏಕೆಂದು ಈಗ ನೀವೇ ಹೇಳಬಲ್ಲಿರಿ. ಮೂಲಂಗಿ, ಎಲೆಕೋಸು, ಹೂಕೋಸುಗಳು ಸಾಸಿವೆಯ ಕುಟುಂಬದವೇ. ಹಸಿ ಮೂಲಂಗಿ ತುರಿದಾಗ ಏಳುವ ಘಾಟು, ಅದನ್ನೇ ಬೇಯಿಸಿದಾಗ ಅದು ಇಲ್ಲವಾಗುವುದು, ಎರಡೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಇಷ್ಟೆಲ್ಲ ಏರ್ಪಾಡಿದ್ದರೂ ಎಲೆಕೋಸಿಗೆ ಹುಳು ಬೀಳುತ್ತದಲ್ಲ ಎಂದು ನೀವು ಕೇಳಬಹುದು. ಕೆಲವು ಕೀಟಗಳು ಈ ಬೀಗಕ್ಕೆ ಕೀಲಿಕೈ ಮಾಡಿಕೊಂಡಿವೆ. ಎಲೆಕೋಸಿನ ಬಿಳಿ ಚಿಟ್ಟೆಯ ಮರಿಹುಳುವಿನ ಕರುಳಿನಲ್ಲಿ ಒಂದು ವಿಶೇಷ ಪ್ರೋಟೀನು ಇದ್ದು, ಅದು ನಡುದಾರಿಯಲ್ಲೇ ಕ್ರಿಯೆಯ ದಿಕ್ಕು ತಪ್ಪಿಸಿ ಘಾಟಿನ ಎಣ್ಣೆಯ ಬದಲು ಅಷ್ಟೇನೂ ಹಾನಿಕರವಲ್ಲದ ಪದಾರ್ಥ ಹುಟ್ಟುವಂತೆ ಮಾಡುತ್ತದೆ. ಅಷ್ಟೇ ಅಲ್ಲ, ತಾಯಿ ಚಿಟ್ಟೆ ಎಲ್ಲಿ ಮೊಟ್ಟೆಯಿಡಬೇಕು ಎಂಬುದನ್ನು ಗುರುತಿಸುವುದೇ ಎಲೆಯ ಮೇಲಿನ ಗ್ಲುಕೋಸಿನೊಲೇಟುಗಳಿಂದ. ಎಲೆಕೋಸಿನ ಹೇನು ಇನ್ನೂ ಮುಂದೆ ಹೋಗಿದೆ: ಸಸ್ಯದಿಂದ ಸಾಮಗ್ರಿಯನ್ನು ಹೀರಿ ಮೈಯಲ್ಲಿ ತುಂಬಿಕೊಳ್ಳುತ್ತದೆ, ಅದನ್ನು ಒಡೆಯುವ ಕಿಣ್ವವನ್ನು ತಾನೇ ಬೇರೆ ಜಾಗದಲ್ಲಿ ತಯಾರಿಸಿಟ್ಟುಕೊಳ್ಳುತ್ತದೆ, ತನ್ನನ್ನು ಕಚ್ಚಿದ ಬೇಟೆಗಾರನ ಬಾಯಲ್ಲಿ ಎರಡೂ ಬೆರೆಯುತ್ತವೆ. ಕಳವು ಮಾಡಿದ್ದು ಸಾಮಗ್ರಿಯನ್ನು ಮಾತ್ರವಲ್ಲ, ಅದನ್ನು ಬೇರೆಯಾಗಿ ಇಡುವ ಉಪಾಯವನ್ನೂ!

ಸೇಬಿನ ವಿಷಯಕ್ಕೆ ಬಂದರೆ, ಬೆರೆಯಬೇಕಾದವು ಎರಡಲ್ಲ, ಮೂರು. ರಸದಾನಿಯಲ್ಲಿರುವ ಫೀನಾಲಿಕ್ ಸಂಯುಕ್ತಗಳು, ಜೀವಕೋಶದ ಬೇರೊಂದು ಅಂಗದೊಳಗಿರುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ, ಹೊರಗಿನ ಗಾಳಿಯಲ್ಲಿರುವ ಆಮ್ಲಜನಕ. ಕತ್ತರಿಸಿದಾಗ ಮೂರೂ ಒಂದೆಡೆ ಸೇರಿ ಕ್ವಿನೋನುಗಳು ಹುಟ್ಟಿ, ಅವು ಒಂದಕ್ಕೊಂದು ಹೆಣೆದುಕೊಂಡು ಕಂದು ಬಣ್ಣದ ವರ್ಣದ್ರವ್ಯವಾಗುತ್ತವೆ. ಸೇಬಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದು ಅದು ತುಕ್ಕು ಹಿಡಿಯುವುದರಿಂದ ಹೀಗಾಗುತ್ತದೆ ಎಂಬ ಮಾತು ಎಷ್ಟೋ ಕಡೆ ಚಾಲ್ತಿಯಲ್ಲಿದೆ, ಅದರಲ್ಲಿ ಸತ್ಯವಿಲ್ಲ. ಲೋಹವೊಂದರ ಪಾತ್ರ ಇರುವುದು ನಿಜ, ಆದರೆ ಅದು ಕಬ್ಬಿಣವಲ್ಲ, ಕಿಣ್ವದ ನಡುವೆ ಕುಳಿತಿರುವ ತಾಮ್ರ. ನಮ್ಮ ಚರ್ಮದ ಮೆಲನಿನ್ ತಯಾರಿಸುವ ಕಿಣ್ವವೂ ಇದೇ ತಾಮ್ರದ ಕಿಣ್ವಗಳ ಬಳಗಕ್ಕೆ ಸೇರಿದ್ದು. ನಿಂಬೆರಸ ಸವರಿದರೆ ಸೇಬು ಬೆಳ್ಳಗೆ ಉಳಿಯುವುದಕ್ಕೆ ಎರಡು ಕಾರಣಗಳಿವೆ: ಹುಳಿಯಲ್ಲಿ ಕಿಣ್ವ ಸರಿಯಾಗಿ ಕೆಲಸ ಮಾಡಲಾರದು, ಅಲ್ಲದೆ ಅದರಲ್ಲಿನ ಸಿ ಜೀವಸತ್ವವು ಹುಟ್ಟಿದ ಕ್ವಿನೋನುಗಳನ್ನು ಮತ್ತೆ ಹಿಂದಿನ ರೂಪಕ್ಕೆ ತಳ್ಳುತ್ತದೆ. ನೀರಿನಲ್ಲಿ ಮುಳುಗಿಸಿಟ್ಟ ಬದನೆ, ಬಾಳೆಕಾಯಿ, ಆಲೂಗಡ್ಡೆಗಳ ಹೋಳು ಕಪ್ಪಾಗುವುದು ತಡವಾಗುವುದಕ್ಕೆ ಗಾಳಿಯ ಸಂಪರ್ಕ ತಪ್ಪಿದ್ದು ಮುಖ್ಯ ಕಾರಣ.

ಸೇಬಿನಲ್ಲಿ ನಾವು ಬೇಡವೆನ್ನುವ ಇದೇ ಕ್ರಿಯೆಯನ್ನು ಚಹಾದ ಎಲೆಯಲ್ಲಿ ಬೇಕೆಂದೇ ನಡೆಸುತ್ತೇವೆ. ಹಸಿರು ಚಹಾ ಮತ್ತು ಕಪ್ಪು ಚಹಾ ಒಂದೇ ಗಿಡದ ಎಲೆಗಳು. ಕಿತ್ತ ಎಲೆಯನ್ನು ಕೂಡಲೇ ಹಬೆಗೊಡ್ಡಿ ಅಥವಾ ಬಾಣಲೆಯಲ್ಲಿ ಬಿಸಿ ಮಾಡಿ ಕಿಣ್ವವನ್ನು ಕೊಂದರೆ ಎಲೆ ಹಸಿರಾಗಿ ಉಳಿಯುತ್ತದೆ. ಬಾಡಿಸಿ, ಹೊಸೆದು, ಜೀವಕೋಶಗಳನ್ನು ಒಡೆದು ಗಾಳಿಗೆ ಬಿಟ್ಟರೆ ಸೇಬಿನಂತೆಯೇ ಕಂದಾಗಿ, ಒಗರು ತಗ್ಗಿ, ಕಪ್ಪು ಚಹಾದ ಬಣ್ಣ ಮತ್ತು ರುಚಿ ಬರುತ್ತವೆ. ಈ ಹಂತವನ್ನು ಉದ್ಯಮದವರು ಹುದುಗಿಸುವುದು ಎಂದು ಕರೆಯುತ್ತಾರೆ, ಆದರೆ ಇದರಲ್ಲಿ ಸೂಕ್ಷ್ಮಜೀವಿಗಳ ಪಾಲಿಲ್ಲ, ಎಲೆಯ ಸ್ವಂತ ಕಿಣ್ವದ್ದೇ ಎಲ್ಲ ಕೆಲಸ. ಎರಡು ಚಹಾಗಳ ವ್ಯತ್ಯಾಸ ಎಷ್ಟು ಕಣ್ಣು ಕಟ್ಟುವಂಥದ್ದೆಂದರೆ ಸಸ್ಯಗಳಿಗೆ ಹೆಸರಿಡುವ ಪದ್ಧತಿಯನ್ನು ರೂಪಿಸಿದ ಲಿನೇಯಸ್‌ ಅವರೇ 1762ರಲ್ಲಿ ಇವನ್ನು ಎರಡು ಬೇರೆ ಪ್ರಭೇದಗಳೆಂದು ದಾಖಲಿಸಿದ್ದರು. 1840ರ ದಶಕದಲ್ಲಿ ಚೀನಾದ ಚಹಾ ತೋಟಗಳನ್ನು ಕಣ್ಣಾರೆ ಕಂಡ ಸ್ಕಾಟ್ಲೆಂಡಿನ ಸಸ್ಯತಜ್ಞ ರಾಬರ್ಟ್ ಫಾರ್ಚೂನ್, ಒಂದೇ ಗಿಡದಿಂದ ಎರಡನ್ನೂ ಮಾಡುತ್ತಾರೆಂದು ಯುರೋಪಿನವರಿಗೆ ತಿಳಿಸಿದರು.

ವೆನಿಲಾ ಕೂಡ ಹೀಗೆಯೇ. ಗಿಡದಿಂದ ಕಿತ್ತ ಹಸಿರು ಕೋಡಿಗೆ ವೆನಿಲಾದ ಪರಿಮಳ ಇರುವುದಿಲ್ಲ, ಏಕೆಂದರೆ ವೆನಿಲಿನ್ ಗ್ಲುಕೋಸಿನೊಡನೆ ಬಂಧಿತವಾಗಿರುತ್ತದೆ. ಕೋಡುಗಳನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಜೀವಕೋಶಗಳನ್ನು ಸಡಿಲಿಸಿ, ಬೆಚ್ಚಗೆ ಸುತ್ತಿಟ್ಟು ಬೆವರಿಸಿ, ತಿಂಗಳುಗಟ್ಟಲೆ ಒಣಗಿಸುವ ಕಾಲದಲ್ಲಿ ಕಿಣ್ವ ಆ ಬಂಧವನ್ನು ಬಿಡಿಸುತ್ತದೆ.

ಈ ಏರ್ಪಾಡಿನ ಅಪಾಯಕಾರಿ ಉದಾಹರಣೆ ಮರಗೆಣಸು. ಅದರಲ್ಲಿರುವ ಲಿನಮರಿನ್ ಎಂಬ ಪದಾರ್ಥ ತನ್ನ ಕಿಣ್ವದೊಡನೆ ಬೆರೆತಾಗ ಕೊನೆಗೆ ಹುಟ್ಟುವುದು ಹೈಡ್ರೊಜನ್ ಸಯನೈಡ್ ಎಂಬ ವಿಷಾನಿಲ. ವಿಷ ಹುಟ್ಟದಂತೆ ನೋಡಿಕೊಳ್ಳುವುದೇ ಕ್ಷೇಮ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ, ಆದರೆ ಕಹಿ ಮರಗೆಣಸಿನ ಮಟ್ಟಿಗೆ ವಿವೇಕ ಇದಕ್ಕೆ ತಿರುಗುಮುರುಗು. ಗೆಡ್ಡೆಯನ್ನು ತುರಿದು, ನೆನೆಸಿ, ಹಿಂಡಿ, ಒಣಗಿಸಿದಾಗ ಕಿಣ್ವವು ಲಿನಮರಿನ್ ಅನ್ನು ಬಹುಮಟ್ಟಿಗೆ ಒಡೆಯುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಆ ವಿಷ ಗಾಳಿಯಲ್ಲಿ ಹಾರಿಹೋಗುತ್ತದೆ. ದೊಡ್ಡ ಹೋಳುಗಳನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಸಾಯುತ್ತದೆ, ಒಡೆಯದೆ ಉಳಿದ ಲಿನಮರಿನ್ ಹೊಟ್ಟೆ ಸೇರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆಯಬಲ್ಲವು. ವಿಷ ಹೊರಗೆ ಹುಟ್ಟಿ ಹಾರಿಹೋಗುವುದೇ ಲೇಸು. ಸೇಬಿನ ಬೀಜದಲ್ಲೂ ಇಂಥದೇ ಒಂದು ಪದಾರ್ಥವಿದೆ. ಬೀಜವನ್ನು ಅಗಿಯದೆ ನುಂಗಿದವರಿಗೆ ಏನೂ ಆಗುವುದಿಲ್ಲ, ಗಟ್ಟಿ ಸಿಪ್ಪೆಯೊಳಗೆ ಎರಡು ಪಾಲುಗಳೂ ಬೆರೆಯದೆ ಹೊರಹೋಗುತ್ತವೆ.

ಈಗ ಮೆಣಸಿನಕಾಯಿ. ಅದರ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಕಾಯಿ ಬೆಳೆಯುವಾಗಲೇ ಸಿದ್ಧವಾಗಿ ಕುಳಿತಿರುತ್ತದೆ, ಯಾವ ಕಿಣ್ವದ ದಾರಿಯನ್ನೂ ಕಾಯುವುದಿಲ್ಲ. ಬೀಜವೇ ಖಾರ ಎಂಬ ನಂಬಿಕೆ ತಪ್ಪು: ಅದು ತಯಾರಾಗುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ, ಬೀಜಕ್ಕೆ ಮೆತ್ತಿಕೊಳ್ಳುವುದು ಅಲ್ಲಿಂದಲೇ. ಕ್ಯಾಪ್ಸೈಸಿನ್ ಸುಲಭವಾಗಿ ಆವಿಯಾಗುವುದಿಲ್ಲ, ಆದ್ದರಿಂದ ಹಸಿಮೆಣಸಿನಕಾಯಿ ಹೆಚ್ಚುವಾಗ ಗಾಳಿಯ ಮೂಲಕ ಕಣ್ಣುರಿಯುವುದಿಲ್ಲ, ಕೈ ತಾಗಿಸಿಕೊಂಡರೆ ಮಾತ್ರ ಉರಿಯುತ್ತದೆ. ಹುರಿಯುವಾಗ ಕೆಮ್ಮು ಬರುವುದು ಹೊಗೆಯೊಡನೆ ಏಳುವ ಸೂಕ್ಷ್ಮ ಕಣಗಳಿಂದ. ಈ ಪದಾರ್ಥ ನಮ್ಮ ನರಗಳಲ್ಲಿ ಸುಡುವ ಬಿಸಿಯನ್ನು ಗ್ರಹಿಸುವ ದ್ವಾರವನ್ನೇ ತೆರೆಯುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ತೋರಿಸಿತು. ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಬಾಯಿ ನಿಜಕ್ಕೂ ಸುಟ್ಟಿರುವುದಿಲ್ಲ, ಸುಟ್ಟಿದೆ ಎಂದು ಮಿದುಳು ತಿಳಿಯುತ್ತದೆ. ಹಕ್ಕಿಗಳಲ್ಲಿ ಆ ದ್ವಾರ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಬೀಜವನ್ನು ಅಗಿದು ಹಾಳುಮಾಡುವ ಸಸ್ತನಿಗಳನ್ನು ದೂರವಿಟ್ಟು, ಬೀಜವನ್ನು ಇಡಿಯಾಗಿ ನುಂಗಿ ದೂರ ಒಯ್ಯುವ ಹಕ್ಕಿಗಳನ್ನು ಬರಗೊಡುವುದು ಗಿಡಕ್ಕೆ ಲಾಭ.

ಯಾವ ತರಕಾರಿಯ ಖಾರ ಯಾವ ಬಗೆಯದೆಂದು ಮನೆಯಲ್ಲೇ ತಿಳಿಯಬೇಕೆಂದಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ ಮತ್ತು ಮೆಣಸಿನಕಾಯಿಗಳನ್ನು ಎಲ್ಲಿಯೂ ಗೀರು ಬೀಳದಂತೆ ಇಡಿಯಾಗಿ, ಒಳಗಿನವರೆಗೂ ಬೇಯುವಷ್ಟು ಹೊತ್ತು ಕುದಿಸಿ, ಆರಿದ ಮೇಲೆ ಒಂದೊಂದು ಚೂರು ಕಚ್ಚಿ ನೋಡಿ. ಮೊದಲ ಮೂರರಲ್ಲಿ ಖಾರ ಹುಟ್ಟುವ ಮೊದಲೇ ಅದನ್ನು ಹುಟ್ಟಿಸಬೇಕಾದ ಕಿಣ್ವ ಇಲ್ಲವಾಗಿರುತ್ತದೆ. ಮೆಣಸಿನಕಾಯಿಯನ್ನು ಮಾತ್ರ ಚಿಕ್ಕದಾಗಿ ಕಚ್ಚಿ, ಪಕ್ಕದಲ್ಲಿ ನೀರಿನ ಬದಲು ಒಂದು ಲೋಟ ಹಾಲು ಇಟ್ಟುಕೊಳ್ಳಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ.